ಕೆಂಗೇರಿಯಿಂದ ಕೀಲ್‌ವರೆಗೆ

ಕೆಂಗೇರಿ ಮೆಟ್ರೋ ಸ್ಟೇಷನ್ನಿನಲ್ಲಿ ಅಪ್ಪ ಸೆಕ್ಯೂರಿಟಿ ಚೌಕಟ್ಟು ದಾಟಿದ ಕೂಡಲೇ ಯಂತ್ರ ಕೂಗಿತು. ಅಲ್ಲಿದ್ದ ಹುಡುಗ ಕೈಯಲ್ಲಿದ್ದ ಡಿಟೆಕ್ಟರನ್ನು ಭುಜದಿಂದ ಕೆಳಗೆ ಇಳಿಸಿದ. ಜೇಬಿನ ಹತ್ತಿರ ಸುಮ್ಮನಿದ್ದದ್ದು ಎಡ ತೊಡೆಯ ಹತ್ತಿರ ಬಂದಾಗ ಮತ್ತೆ ಕುಂಯ್ ಅಂತು.

"ಒಳಗಡೆ ರಾಡ್ ಇದೆಯಪ್ಪ. ಜರ್ಮನಿಯೋರು ಕಂಡುಹಿಡಿದಿದ್ದು," ಅಂದರು ಅಪ್ಪ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

"ಹೋಗಿ ಅಂಕಲ್," ಅಂತ ಹುಡುಗ ನಕ್ಕ.

ಆಪರೇಷನ್ ಮಾಡಿದ ಡಾಕ್ಟರ್ ಒಮ್ಮೆ ಮಾತಿಗೆ ಹೇಳಿದ್ದನ್ನು ಅಪ್ಪ ಎರಡು ವರ್ಷದಿಂದ ಹೋದಲ್ಲೆಲ್ಲ ಹೇಳುತ್ತಿದ್ದಾರೆ. "ಇದು ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಐಡಿಯಾ, ಯಜಮಾನ್ರೇ." ಅಪ್ಪನಿಗೆ ಅಷ್ಟೇ ಸಾಕಿತ್ತು. ನನಗೆ ಸಾಕಾಗಲಿಲ್ಲ. ಕೆಂಗೇರಿಯ ಒಬ್ಬ ನಿವೃತ್ತ ಲೇತ್ ಕೆಲಸಗಾರನ ತೊಡೆಯೊಳಗೆ ಯಾವುದೋ ಯುದ್ಧದ ವಸ್ತು ಹೇಗೆ ಬಂತು? ರಾತ್ರಿ ಹೊತ್ತು ಫೋನಿನಲ್ಲಿ ಓದುತ್ತಾ ಹೋದೆ. ಓದಿದ್ದೆಲ್ಲ ನಮ್ಮದೇ ಏರಿಯಾಗಳಲ್ಲಿ ಕಣ್ಣಿಗೆ ಬೀಳತೊಡಗಿತು. ಈ ಭಾನುವಾರದ ಓಡಾಟದಲ್ಲಿ ಅದನ್ನೇ ನೋಡುತ್ತಾ ಹೋಗಿದ್ದೆ. ವಿಜಯನಗರದಲ್ಲಿ ಒಂದಿಷ್ಟು ಸಾಮಾನು ಕೊಳ್ಳುವುದು, ಬಸವೇಶ್ವರನಗರದ ಅತ್ತೆ ಮನೆಯಲ್ಲಿ ಊಟ, ಆಮೇಲೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿರುವ ಅಪ್ಪನ ಹಳೇ ಸಹೋದ್ಯೋಗಿಯನ್ನು ಮಾತಾಡಿಸುವುದು. ಇಷ್ಟೇ ನಮ್ಮ ಪ್ಲಾನ್.

ಕೆಂಗೇರಿ: ಒಂದು ಛತ್ರಿ

ಮೊದಲು ಆ ಸಂಜೆಯ ಕತೆ ಹೇಳಿಬಿಡ್ತೀನಿ.

ಮಳೆ ನಿಂತ ಮೇಲೆ ಮೈಸೂರು ರಸ್ತೆ ಹೇಗಿರುತ್ತೆ ಅಂತ ಈ ಕಡೆಯವರಿಗೆ ಗೊತ್ತು. ಅಂಚಿನಲ್ಲಿ ಮರಳು, ಮಧ್ಯೆ ನೀರು, ಹಿಂದಿನಿಂದ ಬಸ್ಸಿನ ಹಾರ್ನ್. ಅಪ್ಪನ ಸ್ಕೂಟರ್ ಜಾರಿತು. ಗೊತ್ತಿಲ್ಲದ ನಂಬರಿನಿಂದ ನನಗೆ ಫೋನ್ ಬಂದಾಗ ನಾನು ಆಫೀಸಿನಲ್ಲಿದ್ದೆ. ಆಸ್ಪತ್ರೆಗೆ ಓಡಿ ಹೋದರೆ ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಕಾಲು ಯಾರು ಕಟ್ಟಿದ್ದು? ಚೆನ್ನಾಗಿ ಕಟ್ಟಿದಾರೆ."

ಅಪ್ಪನ ಎಡಗಾಲಿನ ಉದ್ದಕ್ಕೂ ಒಂದು ಹಳೇ ಉದ್ದ ಕೋಲಿನ ಛತ್ರಿ. ಎರಡೂ ಕಾಲು ಸೇರಿಸಿ, ನಡುವೆ ಮಡಚಿದ ಜರ್ಕಿನ್ ಇಟ್ಟು, ಟವೆಲ್ಲು, ಬ್ಯಾಗಿನ ಪಟ್ಟಿ, ಒಂದು ವೇಲ್ ಎಲ್ಲ ಬಳಸಿ ಕಟ್ಟಿದ್ದರು. ಮುರಿದ ಜಾಗದ ಮೇಲೆ ಮಾತ್ರ ಒಂದೂ ಗಂಟಿರಲಿಲ್ಲ. ಕಟ್ಟಿದವರು ಯಾರು ಅಂತ ಅಪ್ಪನಿಗೆ ನೆನಪಿಲ್ಲ. "ಯಾರೋ ಹುಡುಗ, 'ಅಲ್ಲಾಡಬೇಡಿ ಯಜಮಾನ್ರೇ' ಅಂತಿದ್ದ," ಅನ್ನುತ್ತಾರೆ, ಅಷ್ಟೇ. ಛತ್ರಿ ಇನ್ನೂ ನಮ್ಮ ಮನೆಯಲ್ಲಿದೆ.

ತೊಡೆಮೂಳೆ ಮುರಿದರೆ ಚರ್ಮ ಹರಿಯದಿದ್ದರೂ ಒಳಗೊಳಗೇ ಒಂದು ಲೀಟರಿಗಿಂತ ಹೆಚ್ಚು ರಕ್ತ ಸೋರಿಹೋಗಬಹುದು. ಅಲ್ಲಾಡಿದಷ್ಟೂ ಸೋರಿಕೆ, ನೋವು ಎರಡೂ ಜಾಸ್ತಿ. ಅದಕ್ಕೇ ದಬ್ಬೆ ಕಟ್ಟುವುದು ಬರೀ ಸಮಾಧಾನಕ್ಕಲ್ಲ, ಜೀವಕ್ಕೆ. ಯುದ್ಧಭೂಮಿಯ ವೈದ್ಯಕೀಯ ಸಿಬ್ಬಂದಿಗೆ ಇದು ಮೊದಲ ಪಾಠ. ದಬ್ಬೆ ಸಿಗದಿದ್ದರೆ ಬಂದೂಕನ್ನೇ ಕಾಲಿಗೆ ಕಟ್ಟು.

ಜರ್ಮನ್ ಸೇನೆಯಲ್ಲಿ ಈ ಕೆಲಸ ಮಾಡುವವನನ್ನು 'ಸ್ಯಾನಿಟೇಟರ್' ಅನ್ನುತ್ತಿದ್ದರು. ಡಾಕ್ಟರ್ ಅಲ್ಲ, ತರಬೇತಿ ಪಡೆದ ಸಿಪಾಯಿ. ಅವನ ಬೆಲ್ಟಿಗೆ ಎರಡು ಚರ್ಮದ ಚೀಲ. ಒಳಗೆ ಬ್ಯಾಂಡೇಜು, ಪ್ಲಾಸ್ಟರು, ಕತ್ತರಿ, ಚಿಮಟ, ಒಂದಿಷ್ಟು ಮಾತ್ರೆ. ಗಾಯಗೊಂಡವರನ್ನು ಅವನು ಮೊದಲು ಎಳೆದು ತರುತ್ತಿದ್ದುದು ಗುಂಡು ತಾಗದ ಯಾವುದಾದರೂ ತಗ್ಗಿಗೆ. ಆ ತಗ್ಗಿನ ಹೆಸರಿಗೆ ಜರ್ಮನ್ ಭಾಷೆಯಲ್ಲಿ 'ಗಾಯಾಳುಗಳ ಗೂಡು' ಅಂತ ಅರ್ಥ. ಗೂಡಿನಿಂದ ಹಿಂದಿನ ಡ್ರೆಸ್ಸಿಂಗ್ ಠಾಣೆಗೆ, ಅಲ್ಲಿಂದ ಇನ್ನೂ ಹಿಂದಿನ ದೊಡ್ಡ ಠಾಣೆಗೆ, ಅಲ್ಲಿಂದ ಫೀಲ್ಡ್ ಆಸ್ಪತ್ರೆಗೆ. ಒಂದು ಸರಪಳಿ ಇದು. ಮೊದಲ ಕೊಂಡಿ ಕಳಚಿದರೆ ಹಿಂದೆ ಎಂಥ ಸರ್ಜನ್ ಕಾದಿದ್ದರೂ ಉಪಯೋಗವಿಲ್ಲ.

ಅಪ್ಪನ ಪಾಲಿಗೆ ಆ ಗೂಡು ಮೈಸೂರು ರಸ್ತೆಯ ಫುಟ್‌ಪಾತಾಗಿತ್ತು.

ವಿಜಯನಗರ: ಮೂರು ಮೂಲೆಯ ಬಟ್ಟೆ

ಮೆಟ್ರೋದಲ್ಲಿ ಕೂತು ಕೆಳಗೆ ವೃಷಭಾವತಿಯನ್ನೂ ಮೈಸೂರು ರಸ್ತೆಯ ಜಾಮನ್ನೂ ನೋಡುತ್ತಾ ವಿಜಯನಗರಕ್ಕೆ ಬಂದಿಳಿದೆವು. ಮಾರ್ಕೆಟ್ ಕಡೆ ಹೋಗುವ ದಾರಿಯಲ್ಲಿ ಒಂದು ಸರ್ಜಿಕಲ್ ಅಂಗಡಿ ಇದೆ. ಹೊರಗೆ ವಾಕರು, ಕಮೋಡ್ ಚೇರು, ಒಳಗೆ ಗಾಜಿನ ಕಪಾಟು. ಅಂಗಡಿಯವರಿಗೆ ಅಪ್ಪ ಪರಿಚಯ. ಮೊದಲ ವಾಕರ್ ಕೊಂಡದ್ದು ಅಲ್ಲೇ.

"ಏನ್ ಕೊಡ್ಲಮ್ಮ?"

"ಟ್ರಯಾಂಗುಲರ್ ಬ್ಯಾಂಡೇಜ್ ಇದೆಯಾ? ನಾಲ್ಕು ಬೇಕು."

"ಸ್ಕೂಲ್‌ಗಾ? ಸ್ಕೌಟ್ಸ್ ಮಕ್ಕಳು ಬಿಟ್ರೆ ಇದನ್ನ ಕೇಳೋರೇ ಇಲ್ಲ."

ನೀವೂ ಸ್ಕೌಟ್ಸ್‌ನಲ್ಲೋ ಎನ್‌ಸಿಸಿಯಲ್ಲೋ ಇದ್ದರೆ ಈ ಬಟ್ಟೆ ಮುಟ್ಟಿರುತ್ತೀರಿ. ಬಿಳಿ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಸಿಗುವ ಎರಡು ತ್ರಿಕೋನಗಳಲ್ಲಿ ಒಂದು. ಕೈ ಮುರಿದರೆ ಜೋಲಿ, ತಲೆ ಒಡೆದರೆ ರುಮಾಲು, ಮಡಚಿದರೆ ಕಾಲು ಕಟ್ಟುವ ಪಟ್ಟಿ. ಇದನ್ನು ಸಿಪಾಯಿಗಳ ಕೈಗೆ ತಲುಪಿಸಿದವರಲ್ಲಿ ಮುಖ್ಯ ಹೆಸರು ಫ್ರೀಡ್ರಿಕ್ ಎಸ್ಮಾರ್ಕ್. ಜರ್ಮನಿಯ ಉತ್ತರ ತುದಿಯ ಬಂದರು ಕೀಲ್‌ನಲ್ಲಿ ಪ್ರೊಫೆಸರ್ ಆಗಿದ್ದ ಮಿಲಿಟರಿ ಸರ್ಜನ್. ಹೌದು, ಊರಿನ ಹೆಸರು ಕೀಲ್. ನಮ್ಮ ನರ್ಸಿಂಗ್ ಹೋಮ್ ಬೋರ್ಡುಗಳ 'ಮೂಳೆ ಮತ್ತು ಕೀಲು ತಜ್ಞರು' ನೆನಪಾಗಿ ನಾನೂ ನಕ್ಕಿದ್ದೆ.

ಎಸ್ಮಾರ್ಕ್ ಮಾಡಿದ ಜಾಣ ಕೆಲಸ ಏನು ಗೊತ್ತಾ? ಬಟ್ಟೆಯ ಮೇಲೇ ಚಿತ್ರ ಅಚ್ಚು ಹಾಕಿಸಿದರು. ತಲೆಗೆ ಹೀಗೆ ಕಟ್ಟು, ಮೊಣಕಾಲಿಗೆ ಹೀಗೆ, ಪಾದಕ್ಕೆ ಹೀಗೆ. ಓದಲು ಬಾರದ ಸಿಪಾಯಿಯೂ ನೋಡಿ ಕಟ್ಟಬಹುದು. ಬ್ಯಾಂಡೇಜೇ ಪಾಠಪುಸ್ತಕ! 1870-71ರಲ್ಲಿ ಫ್ರಾನ್ಸ್ ಜೊತೆ ನಡೆದ ಯುದ್ಧ ಮುಗಿದ ಎರಡು ವರ್ಷಕ್ಕೆ, 1873ರಲ್ಲಿ, ಅವರು ರಬ್ಬರಿನ ಪಟ್ಟಿಯ ವಿಧಾನವನ್ನು ಪ್ರಕಟಿಸಿದರು. ಕೈಕಾಲಿನ ತುದಿಯಿಂದ ಮೇಲಕ್ಕೆ ಬಿಗಿಯಾಗಿ ಸುತ್ತುತ್ತಾ ಹೋದರೆ ರಕ್ತ ಹಿಂದೆ ಸರಿಯುತ್ತದೆ, ಸರ್ಜನ್‌ಗೆ ಕೆಲಸ ಮಾಡುವ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅಂಗಡಿಯವರನ್ನು ಕೇಳಿದೆ. "ಎಸ್ಮಾರ್ಕಾ? ಇದೆಯಲ್ಲ. ಆದ್ರೆ ಅದು ಡಾಕ್ಟರ್‌ಗಳಿಗೆ ಕಣಮ್ಮ, ನಿಮಗ್ಯಾಕೆ?" ಅಂದರು. ಸರಿಯೇ. ಬಿಗಿ ಹೆಚ್ಚಾದರೆ ಕಾಲೇ ಹೋಗಬಹುದಾದ ವಸ್ತು ಅದು.

ಕಪಾಟಿನ ಮೇಲೆ ಪಕ್ಕದಲ್ಲಿ ತೂತುಗಳಿದ್ದ ಒಂದು ಸ್ಟೀಲ್ ಡಬ್ಬ ಕಂಡಿತು. "ಡ್ರೆಸ್ಸಿಂಗ್ ಡ್ರಮ್," ಅಂದರು. ಹತ್ತಿ, ಬಟ್ಟೆ ಒಳಗಿಟ್ಟು ತೂತು ತೆರೆದು ಆವಿಯಲ್ಲಿಡುವುದು, ಆಮೇಲೆ ಪಟ್ಟಿ ಸರಿಸಿ ತೂತು ಮುಚ್ಚುವುದು. ಕ್ರಿಮಿಯಿಲ್ಲದ ಬಟ್ಟೆಯನ್ನು ಹಾಗೇ ಎಲ್ಲಿಗಾದರೂ ಒಯ್ಯಬಹುದು. ಇದಕ್ಕೂ ಬರ್ಲಿನ್‌ನ ಒಬ್ಬ ಸರ್ಜನ್ ಹೆಸರಿದೆ, ಕುರ್ಟ್ ಷಿಮ್ಮೆಲ್‌ಬುಶ್. ಅಪ್ಪ ಡಬ್ಬ ಕೆಳಗಿಳಿಸಿ, ಪಟ್ಟಿ ಎಳೆದು, ತೂತಿಗೆ ತೂತು ಸರಿಯಾಗಿ ಕೂಡುತ್ತಾ ಅಂತ ನೋಡಿದರು. ಮೂವತ್ತು ವರ್ಷದ ಲೇತ್ ಕೆಲಸ ಎಲ್ಲಿ ಹೋಗುತ್ತೆ? "ಫಿಟ್ಟಿಂಗ್ ಚೆನ್ನಾಗಿದೆ," ಅಂತ ಸರ್ಟಿಫಿಕೇಟ್ ಕೊಟ್ಟರು.

ನಾನು ನಾಲ್ಕು ತ್ರಿಕೋನ, ಎರಡು ಕ್ರೇಪ್ ಬ್ಯಾಂಡೇಜು, ಗಾಜ್ ಪ್ಯಾಕೆಟ್ಟು ಕೊಂಡೆ. ಜರ್ಮನ್ ಸಿಪಾಯಿಗಳ ಅಂಗಿಯ ಒಳಮಡಿಕೆಯಲ್ಲಿ ಇದಕ್ಕೇ ಅಂತ ಒಂದು ಜೇಬು ಇರುತ್ತಿತ್ತು. ನೀರು ಹೋಗದ ಬಟ್ಟೆಯ ಪುಟ್ಟ ಪೊಟ್ಟಣ, ಒಳಗೆ ಗಾಯಕ್ಕೆ ಒತ್ತುವ ಮೆತ್ತೆ, ಅದಕ್ಕೆ ಸೇರಿಸಿ ಹೊಲಿದ ಪಟ್ಟಿ. ಯುದ್ಧ ಎಳೆದಂತೆ ಹತ್ತಿಗೆ ಬರ ಬಂದು, ಕೊನೆಗೆ ನೆರಿಗೆ ಕಾಗದದ ಬ್ಯಾಂಡೇಜೂ ಸುತ್ತಿದರು. ಒದ್ದೆಯಾದರೆ ಕಾಗದ ಏನಾಗುತ್ತೆ ಅಂತ ಹೇಳಬೇಕಿಲ್ಲ.

ಬಸವೇಶ್ವರನಗರ: ಕೆಂಪು ಕ್ರಾಸ್, ಪುತ್ತೂರು ಕಟ್ಟು

ಬಸವೇಶ್ವರನಗರಕ್ಕೆ ಮೆಟ್ರೋ ಇಲ್ಲ, ಆಟೋ ಹತ್ತಿದೆವು. ಕಾರ್ಡ್ ರೋಡ್ ದಾಟಿ ಒಳಗೆ ಹೋದರೆ ಮರಗಳ ನೆರಳು, ಪ್ರತಿ ಕ್ರಾಸಿಗೊಂದು ಕ್ಲಿನಿಕ್ಕು. ದಾರಿಯುದ್ದಕ್ಕೂ ಬಿಳಿ ಹಲಗೆ ಮೇಲಿನ ಕೆಂಪು ಕ್ರಾಸುಗಳನ್ನು ಎಣಿಸುತ್ತಾ ಹೋದೆ. ನಾಲ್ಕು ಸಿಕ್ಕವು, ಒಂದು ಕಾರಿನ ಗಾಜಿನ ಮೇಲೆ.

ಆ ಗುರುತು ಡಾಕ್ಟರ್‌ಗಳದ್ದಲ್ಲ. 1864ರ ಜಿನೀವಾ ಒಪ್ಪಂದದಲ್ಲಿ ಯುದ್ಧಭೂಮಿಯ ವೈದ್ಯಕೀಯ ಸಿಬ್ಬಂದಿಗಾಗಿ ಗೊತ್ತುಮಾಡಿದ್ದು. ಸ್ಯಾನಿಟೇಟರ್‌ನ ತೋಳಿನ ಬಿಳಿ ಪಟ್ಟಿಯ ಮೇಲೆ ಇದ್ದದ್ದು ಇದೇ. 'ನನ್ನನ್ನು ಹೊಡೆಯಬೇಡಿ, ನಾನು ಗಾಯಾಳುಗಳನ್ನು ನೋಡುವವನು' ಅಂತ ಅದರ ಅರ್ಥ. ಎಲ್ಲರೂ ಅದನ್ನು ಗೌರವಿಸಿದರು ಅಂತಲ್ಲ. ಆದರೆ ಬೇರೆಯವರು ಮನಸ್ಸಿಗೆ ಬಂದಂತೆ ಬಳಸಿದರೆ ಬೆಲೆ ಉಳಿಯುವುದಿಲ್ಲ ಅಂತ ನಮ್ಮ ದೇಶದಲ್ಲೂ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅನುಮತಿಯಿಲ್ಲದ ಬಳಕೆಯನ್ನು ನಿಷೇಧಿಸಿದೆ. ಸೇನೆಯ ವೈದ್ಯಕೀಯ ಸೇವೆಗೆ, ರೆಡ್ ಕ್ರಾಸ್ ಸಂಸ್ಥೆಗೆ ಅದು ಮೀಸಲು.

ಅತ್ತೆ ಮನೆ ತಿರುವಿನಲ್ಲಿ ಇನ್ನೊಂದು ಬೋರ್ಡು, 'ಪುತ್ತೂರು ಕಟ್ಟು'. ಆಂಧ್ರದ ಪುತ್ತೂರಿನ ಮೂಳೆ ಕಟ್ಟುವವರ ಹೆಸರು ಬೆಂಗಳೂರಿನ ಬೀದಿ ಬೀದಿಯಲ್ಲಿದೆ. ಅಪ್ಪ ಬಿದ್ದ ರಾತ್ರಿ ಅತ್ತೆ ಫೋನಿನಲ್ಲಿ ಹಟ ಹಿಡಿದಿದ್ದರು, "ಆಪರೇಷನ್ ಬೇಡ ಕಣೇ, ಪುತ್ತೂರಿಗೆ ಕರ್ಕೊಂಡ್ ಹೋಗಿ. ನಮ್ಮತ್ತೆ ಕೈ ಅಲ್ಲೇ ಸರಿ ಹೋಯ್ತು." ಅವರನ್ನು ತಪ್ಪು ಅನ್ನಲಾರೆ. ಕೈ ಮೂಳೆ ದಬ್ಬೆಯಲ್ಲಿ ಕೂಡಿಕೊಂಡದ್ದನ್ನು ಕಣ್ಣಾರೆ ಕಂಡವರು. ಆದರೆ ತೊಡೆಯ ಮೂಳೆಯ ಸುತ್ತ ದೇಹದ ಅತಿ ಬಲವಾದ ಸ್ನಾಯುಗಳಿವೆ. ಮುರಿದ ತುಂಡುಗಳನ್ನು ಅವು ಒಂದರ ಮೇಲೊಂದು ಎಳೆದು ಬಿಡುತ್ತವೆ. ಹೊರಗಿನ ಕಟ್ಟಿಗೆ ಅದು ಬಗ್ಗುವುದಿಲ್ಲ.

ಮೊದಲೆಲ್ಲ ಇದಕ್ಕಿದ್ದ ಉಪಾಯ ಟ್ರ್ಯಾಕ್ಷನ್. ಕಾಲಿಗೆ ಭಾರ ತೂಗುಬಿಟ್ಟು ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದು. ಬೆನ್ನಲ್ಲಿ ಹುಣ್ಣು, ಎದೆಯಲ್ಲಿ ಕಫ, ಬಿಗಿದುಹೋದ ಮೊಣಕಾಲು. ಅದೇ ಕೀಲ್ ಊರಿನ ಇನ್ನೊಬ್ಬ ಸರ್ಜನ್ ಗೆರ್ಹಾರ್ಡ್ ಕ್ಯುಂಚರ್ 1939ರಲ್ಲಿ ಬೇರೆ ದಾರಿ ಹಿಡಿದರು. ಮೂಳೆ ಒಳಗೆ ಹೇಗೂ ಟೊಳ್ಳು, ಆ ಟೊಳ್ಳಿನೊಳಗೇ ಉದ್ದ ಉಕ್ಕಿನ ಮೊಳೆ ಇಳಿಸಿದರೆ? 1940ರಲ್ಲಿ ಬರ್ಲಿನ್‌ನ ಸರ್ಜನ್‌ಗಳ ಸಭೆಯಲ್ಲಿ ಇದನ್ನು ಹೇಳಿದಾಗ ಹಿರಿಯರು ಒಪ್ಪಲಿಲ್ಲ. ಆಮೇಲೆ ಯುದ್ಧ ಅವರನ್ನು ಫಿನ್ಲೆಂಡಿನ ಉತ್ತರದ ಲ್ಯಾಪ್‌ಲ್ಯಾಂಡಿನ ಸೇನಾ ಆಸ್ಪತ್ರೆಗೆ ಒಯ್ದಿತು. ಅಲ್ಲಿನ ಫಿನ್ನಿಷ್ ಡಾಕ್ಟರ್‌ಗಳೂ ಅವರಿಂದ ಕಲಿತರು. ಜರ್ಮನರ ಸೆರೆಯಿಂದ ಮರಳಿದ ಸೈನಿಕರ ಎಕ್ಸ್-ರೇ ತೆಗೆದಾಗ ತೊಡೆಯೊಳಗೆ ಉದ್ದ ಲೋಹ ಕಂಡು ಅಮೆರಿಕದ ಡಾಕ್ಟರ್‌ಗಳು ಬೆರಗಾದರು. 1945ರಲ್ಲಿ 'ಟೈಮ್' ಪತ್ರಿಕೆಗೂ ಅದು ಸುದ್ದಿಯಾಯಿತು. ನಮ್ಮಲ್ಲಿ ಹಳೇ ಡಾಕ್ಟರ್‌ಗಳು ಅದನ್ನು 'ಕೆ-ನೇಲ್' ಅನ್ನುತ್ತಾರೆ. ಆ ಕೆ ಅಂದರೆ ಕ್ಯುಂಚರ್.

ಅನ್ನ, ಹುರುಳಿ ಸಾರು ಬಡಿಸಿಕೊಂಡು ಅಪ್ಪ ಅತ್ತೆಗೆ ವಿವರಿಸುತ್ತಿದ್ದರು. "ಅದು ಗಟ್ಟಿ ಕಂಬಿ ಅಲ್ಲಕ್ಕ, ಒಳಗಡೆ ಟೊಳ್ಳು. ಹಳೇ ಕಾಲದ್ದನ್ನ ಅಡ್ಡ ಕೊಯ್ದರೆ ಬಿಲ್ವಪತ್ರೆ ಥರ ಮೂರು ಎಲೆ ಕಾಣ್ತಿತ್ತಂತೆ. ತೂಕ ಕಮ್ಮಿ, ಬಿಗಿ ಜಾಸ್ತಿ." ಅಪ್ಪನ ಕಾಲಿನಲ್ಲಿರುವುದು ಅದರ ಮೊಮ್ಮಗ. ಮೂಳೆ ತಿರುಗದಂತೆ, ಕುಗ್ಗದಂತೆ ಎರಡೂ ತುದಿಗೆ ಅಡ್ಡ ಸ್ಕ್ರೂ ಹಾಕುವ ಈಗಿನ ರಾಡು. ಅತ್ತೆ ಕೇಳಿದ್ದು ಒಂದೇ, "ಆ ಜರ್ಮನಿಯೋನು ಬಿಲ್ವಪತ್ರೆ ಎಲ್ಲಿ ನೋಡಿದ್ದ?"

ರಾಜಾಜಿನಗರ: ಎರಡು ಕೆಂಪು ಪಟ್ಟಿ, ಒಂದು ಸಹಿ

ಇಎಸ್‌ಐ ಆಸ್ಪತ್ರೆಯ ಮುಂದೆ ನಿಂತರೆ ಪಶ್ಚಿಮ ಬೆಂಗಳೂರಿನ ಇನ್ನೊಂದು ಮುಖ ಕಾಣುತ್ತದೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಪೀಣ್ಯದ ಶೆಡ್ಡುಗಳ ಹುಡುಗರು, ಬೆರಳಿಗೆ ದೊಡ್ಡ ಬ್ಯಾಂಡೇಜ್ ಸುತ್ತಿಕೊಂಡ ಪ್ರೆಸ್ ಆಪರೇಟರ್‌ಗಳು. ಅಪ್ಪನ ಸಹೋದ್ಯೋಗಿ ವಾರ್ಡಿನಲ್ಲಿ ಗೆಲುವಾಗಿದ್ದರು. ಇಬ್ಬರೂ ಹಳೇ ಫೋರ್‌ಮನ್‌ನನ್ನು ಬೈಯುತ್ತಾ ಕೂತಾಗ ನಾನು ಹೊರಗೆ ಬಂದು ಕ್ಯಾಶುವಾಲಿಟಿ ಎದುರಿನ ಬೆಂಚಿನಲ್ಲಿ ಕೂತೆ.

ಎರಡು ಆಂಬುಲೆನ್ಸ್ ಒಟ್ಟಿಗೆ ಬಂದರೆ ಯಾರನ್ನು ಮೊದಲು ಒಳಗೆ ಕರೆದೊಯ್ಯಬೇಕು? ಜರ್ಮನ್ ಸೇನೆಯ ಗಾಯಾಳುವಿನ ಅಂಗಿಗೆ ಒಂದು ಚೀಟಿ ಕಟ್ಟುತ್ತಿದ್ದರು, ಎರಡು ಅಂಚಿಗೂ ಕೆಂಪು ಪಟ್ಟಿ. ಎರಡೂ ಪಟ್ಟಿ ಹಾಗೇ ಇದ್ದರೆ ಇವನನ್ನು ಸಾಗಿಸುವಂತಿಲ್ಲ. ಒಂದನ್ನು ಹರಿದಿದ್ದರೆ ಸಾಗಿಸಬಹುದು. ಎರಡನ್ನೂ ಹರಿದಿದ್ದರೆ ನಡೆದೇ ಹೋಗುತ್ತಾನೆ. ಕತ್ತಲಲ್ಲಿ ಬೆರಳಿಂದ ಮುಟ್ಟಿದರೂ ಗೊತ್ತಾಗುವಷ್ಟು ಸರಳ. ಇವತ್ತಿನ ಕ್ಯಾಶುವಾಲಿಟಿಯ ಕೆಂಪು, ಹಳದಿ, ಹಸಿರು ಕೂಡ ಅದೇ ಲೆಕ್ಕಾಚಾರದ ಮಾತು.

ಇಷ್ಟೆಲ್ಲ ಮೆಚ್ಚಿಕೊಳ್ಳುತ್ತಾ ಬಂದವಳಿಗೆ ಅಲ್ಲಿ ಒಂದು ದೃಶ್ಯ ಕಂಡಿತು. ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕುತ್ತಿದ್ದಳು. ಆಪರೇಷನ್‌ನ ಸಮ್ಮತಿ ಪತ್ರ. ಎರಡು ವರ್ಷದ ಹಿಂದೆ ನಾನೂ ಹಾಗೇ ಹಾಕಿದ್ದೆ. ಓದಿರಲಿಲ್ಲ.

ಆ ಯುದ್ಧದ ಜರ್ಮನ್ ವೈದ್ಯಕೀಯದ ಬಗ್ಗೆ ಬರೆಯುವವರು ಇದನ್ನು ಬಿಟ್ಟರೆ ಸುಳ್ಳು ಬರೆದಂತೆ. ಸಲ್ಫಾ ಔಷಧಿಗಳ ಮೊದಲನೆಯದು ಜರ್ಮನಿಯಲ್ಲೇ ಹುಟ್ಟಿತು, ಬೇಯರ್ ಕಂಪನಿಯಲ್ಲಿ ಗೆರ್ಹಾರ್ಡ್ ಡೋಮಾಕ್ ಕೈಯಲ್ಲಿ. ಯುದ್ಧದ ಗಾಯಕ್ಕೆ ಅದು ಎಷ್ಟು ಕೆಲಸ ಮಾಡುತ್ತೆ ಅಂತ ತಿಳಿಯಲು 1942-43ರಲ್ಲಿ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ ಎಸ್‌ಎಸ್ ವೈದ್ಯರು ಪೋಲೆಂಡಿನ ಹೆಣ್ಣುಮಕ್ಕಳ ಕಾಲು ಕೊಯ್ದು, ಗಾಯದೊಳಗೆ ಕ್ರಿಮಿ, ಮರದ ಚೂರು, ಗಾಜು ತುಂಬಿದರು. ಮೂಳೆಯ ಮೇಲೂ ಪ್ರಯೋಗ ಮಾಡಿದರು. ಕೆಲವರು ಸತ್ತರು, ಉಳಿದವರು ಕುಂಟುತ್ತಾ ಬದುಕಿದರು. ಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ಡಾಕ್ಟರ್‌ಗಳ ವಿಚಾರಣೆ ನಡೆದಾಗ ಅವರಲ್ಲಿ ಕೆಲವರು ಸಾಕ್ಷಿ ಹೇಳಿ ತಮ್ಮ ಕಾಲು ತೋರಿಸಿದರು. 1947ರ ತೀರ್ಪಿನ ಜೊತೆ ಬಂದ ಹತ್ತು ಸೂತ್ರಗಳಲ್ಲಿ ಮೊದಲನೆಯದು, ಮನುಷ್ಯನ ಸ್ವಂತ ಒಪ್ಪಿಗೆ ಇಲ್ಲದೆ ಅವನ ಮೇಲೆ ಪ್ರಯೋಗ ಮಾಡುವಂತಿಲ್ಲ ಅನ್ನುವುದು.

ಅದು ಪ್ರಯೋಗಗಳಿಗೆ ಬರೆದ ನಿಯಮ. ಚಿಕಿತ್ಸೆಯ ಸಮ್ಮತಿ ಪತ್ರಕ್ಕೆ ಬೇರೆ ಬೇರುಗಳೂ ಇವೆ. ಆದರೂ ಆ ಬೆಂಚಿನ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಒಂದೇ ಯುದ್ಧದಲ್ಲಿ, ಒಂದೇ ದೇಶದಲ್ಲಿ, ಒಬ್ಬ ಡಾಕ್ಟರ್ ಮುರಿದ ಕಾಲನ್ನು ನಡೆಸಲು ಹೊರಟಿದ್ದ, ಇನ್ನೊಬ್ಬ ನಡೆಯುವ ಕಾಲನ್ನು ಕೊಯ್ಯುತ್ತಿದ್ದ. ಕತ್ತರಿ, ಚಿಮಟ, ಬ್ಯಾಂಡೇಜು ಇಬ್ಬರ ಹತ್ತಿರವೂ ಅವೇ ಇದ್ದವು. ಸಲಕರಣೆಗೆ ನೀತಿ ಇರುವುದಿಲ್ಲ. ಅದು ಹಿಡಿದವರ ಕೈಯಲ್ಲಿರುತ್ತೆ.

ಮತ್ತೆ ಕೆಂಗೇರಿ

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ವಾಪಸ್ ಬರುವಾಗ ಅಪ್ಪ ನಿದ್ದೆ ಹೋದರು. ನಾಯಂಡಹಳ್ಳಿ ಬಂದಾಗ ನಾನು ಕಿಟಕಿಯಿಂದ ಮುಖ ತಿರುಗಿಸಿಕೊಂಡೆ. ಕಾರಣ ಇದೆ. ಅಪ್ಪ ಬೀಳುವುದಕ್ಕೆ ಕೆಲವೇ ತಿಂಗಳ ಮುಂಚೆ, ಆ ಕೆಳಗಿನ ರಸ್ತೆಯಲ್ಲೇ ಬೆಳಗ್ಗೆ ಒಬ್ಬ ಬೈಕಿನವನು ಬಿದ್ದಿದ್ದ. ನಾನು ಕ್ಯಾಬಿನಲ್ಲಿದ್ದೆ. "ಮೇಡಂ, ನಿಲ್ಲಿಸ್ಲಾ?" ಅಂತ ಡ್ರೈವರ್ ಕೇಳಿದರು. ಒಂಬತ್ತೂವರೆಗೆ ಮೀಟಿಂಗ್ ಇತ್ತು. ಸುತ್ತ ಜನ ಇದ್ದಾರಲ್ಲ, ಯಾರಾದರೂ ನೋಡ್ಕೋತಾರೆ, ಪೊಲೀಸು ಕೇಸು ಅಂತ ಯಾಕೆ, ಅಂತ ಒಂದೇ ಕ್ಷಣದಲ್ಲಿ ಇಷ್ಟೂ ಯೋಚಿಸಿ "ಬೇಡ" ಅಂದೆ. ಅವನು ಏನಾದ ಅಂತ ನನಗೆ ಗೊತ್ತಿಲ್ಲ. ಅಪ್ಪನ ಕಾಲು ಕಟ್ಟಿದ ಹುಡುಗನಿಗೂ ಎಲ್ಲೋ ಹೋಗುವುದಿತ್ತಲ್ಲ?

ಎಸ್ಮಾರ್ಕ್ 1881ರಲ್ಲಿ ಲಂಡನ್‌ನಲ್ಲಿ ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆ ಕಲಿಸುವುದನ್ನು ನೋಡಿ ಬಂದು, ಮರುವರ್ಷ ಕೀಲ್‌ನಲ್ಲಿ ಅಂಥದೇ ತರಗತಿ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು 'ಸಮರಿಟನ್ ಶಾಲೆ'. ಬೈಬಲ್ಲಿನ ಕತೆಯಲ್ಲಿ ದಾರಿಯಲ್ಲಿ ಬಿದ್ದವನನ್ನು ಬಿಟ್ಟು ಹೋಗದವನು ಸಮರಿಟನ್. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134-ಎ ಕಲಂ ಕೂಡ ಅದೇ ಹೆಸರು ಹೇಳುತ್ತದೆ, 'ಗುಡ್ ಸಮರಿಟನ್'. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. ನನ್ನ ಹೆದರಿಕೆಗೆ ಕಾನೂನು ಆಗಲೇ ಉತ್ತರ ಬರೆದಿಟ್ಟಿತ್ತು. ಮೀಟಿಂಗಿಗೆ ಮಾತ್ರ ಉತ್ತರ ನಾನೇ ಹುಡುಕಬೇಕಿತ್ತು.

ಈಚೆಗೆ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ಹೋಗಿ ಬಂದೆ. ಅಲ್ಲಿ ಕಲಿತದ್ದನ್ನು ನಿಮಗೂ ಹೇಳಿಬಿಡ್ತೀನಿ. ಮೊದಲು 108ಕ್ಕೆ ಫೋನ್. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಂತಿತಾ ಅಂತ ಮತ್ತೆ ಮತ್ತೆ ತೆಗೆದು ನೋಡಬೇಡಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದು ಅನ್ನಿಸಿದರೆ ಎತ್ತಿ ಕೂರಿಸಬೇಡಿ. ಕಾಲು ಮುರಿದಿದ್ದರೆ ನೀವಬೇಡಿ, ಎಳೆಯಬೇಡಿ. ಆಂಬುಲೆನ್ಸ್ ಬರುವುದಿದ್ದರೆ ಇದ್ದ ಹಾಗೇ ಅಲ್ಲಾಡದಂತೆ ಹಿಡಿದಿಡಿ. ಬೇರೆ ದಾರಿಯಿಲ್ಲದೆ ನೀವೇ ಸಾಗಿಸಬೇಕಾದರೆ ಮಾತ್ರ ಎರಡೂ ಕಾಲುಗಳ ನಡುವೆ ಮೆತ್ತನೆಯದನ್ನಿಟ್ಟು, ಮುರಿದ ಜಾಗ ಬಿಟ್ಟು ಮೇಲೆ ಕೆಳಗೆ ಕಟ್ಟಿ. ನೀರು ಕುಡಿಸಬೇಡಿ, ಆಪರೇಷನ್ ಆಗಬೇಕಾಗಬಹುದು. ಆಮೇಲೆ ಪಕ್ಕದಲ್ಲೇ ಕೂತು ಮಾತಾಡಿಸ್ತಾ ಇರಿ. ಅಪ್ಪನಿಗೆ ಆ ಸಂಜೆಯದರಲ್ಲಿ ನೆನಪಿರುವುದು ಆ ಮಾತು ಒಂದೇ.

ಕೆಂಗೇರಿಯಲ್ಲಿ ಇಳಿದು, ಅಪ್ಪ ಬಿದ್ದ ಜಾಗದ ಹತ್ತಿರದ ಎಳನೀರು ಗಾಡಿಯವರನ್ನು ಇನ್ನೊಂದು ಸಲ ಕೇಳಿದೆ. "ಗೊತ್ತಿಲ್ಲಕ್ಕ, ದಿನಾ ಒಬ್ರಲ್ಲ ಒಬ್ರು ಬೀಳ್ತಾರೆ, ಯಾರೋ ಒಬ್ರು ಎತ್ತುತಾರೆ," ಅಂದರು.

ನಾಲ್ಕು ತ್ರಿಕೋನಗಳಲ್ಲಿ ಎರಡು ಈಗ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿವೆ, ಎರಡು ಅಪ್ಪನ ಸ್ಕೂಟರ್ ಡಿಕ್ಕಿಯಲ್ಲಿ. ಮುಂದಿನ ಸಲ ಕ್ಯಾಬ್ ನಿಲ್ಲಿಸಲು ಹೇಳ್ತೀನಿ ಅಂತ ಇಲ್ಲಿ ಬರೆದಿದ್ದೇನೆ. ನಾಲ್ಕು ಜನ ಓದಿದ ಮೇಲೆ ತಪ್ಪಿಸಿಕೊಳ್ಳುವುದು ಕಷ್ಟ ಆಗಲಿ ಅಂತ.